ನೂರಿಪ್ಪತ್ತು ಸೆಂಟು

"ಮೇಡಂ, ಮೊಣ್ಣಪ್ಪನವರು ಮನೆ ಸೇರಿದ್ರಾ?"

ಶನಿವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಬಂದ ಫೋನಿನಲ್ಲಿ ಸಿದ್ದರಾಜು ಕೇಳಿದ್ದು ಇಷ್ಟೇ. ತಿಂಡಿ ಆಯಿತೇ ಎಂದು ವಿಚಾರಿಸುವ ಧಾಟಿಯಲ್ಲಿ ಕೇಳಿದ. ಅಮ್ಮತ್ತಿಯ ಬಸ್ ನಿಲ್ದಾಣದ ಎದುರು, ತನ್ನ ಟ್ರಾವೆಲ್ಸ್ ಕಚೇರಿಯಲ್ಲಿ ಕೂತಿದ್ದ ಅನುಪಮಾ ಮಾತ್ರ ಎದ್ದು ನಿಂತಳು.

ಮನೆಯೇ? ಯಾವ ಮನೆ? ಎಪ್ಪತ್ತು ವರ್ಷದ ಮೊಣ್ಣಪ್ಪ ಈ ಹೊತ್ತಿಗೆ ಇರಬೇಕಾದದ್ದು ಹಡಗಿನಲ್ಲಿ. ಸೋಮವಾರ ಮುಂಬೈಯಲ್ಲಿ ಹಡಗು ಹತ್ತಿದ ಹದಿನಾಲ್ಕು ಮಂದಿಯಲ್ಲಿ ಅವರೂ ಒಬ್ಬರು. ಗೋವಾ, ಕೊಚ್ಚಿ, ತೂತುಕುಡಿ ಮುಟ್ಟಿಕೊಂಡು ಬರುವ ಮಂಗಳವಾರ ಚೆನ್ನೈಯಲ್ಲಿ ಎಲ್ಲರೂ ಒಟ್ಟಿಗೆ ಇಳಿಯಬೇಕು. ಅದೇ ಕೊನೆಯ ಬಂದರು.

"ಗುರುವಾರ ಕೊಚ್ಚೀಲೇ ಇಳ್ಕಂಡ್ರಲ್ಲ ಮೇಡಂ. ಬ್ಯಾಗ್ ತಗಂಡು, ಎಲ್ರಿಗೂ ಕೈ ಮುಗ್ದು ಹೋದ್ರು. ನಿಮ್ಮ ಲೆಟ್ರು ಬಂದೈತೆ ಅಂತ ಹಡಗ್ನೋರೇ ಹೇಳಿದ್ರು."

"ನನ್ನ ಲೆಟರಾ?"

"ನಿಮ್ದೇಯ. ಸೀಲ್ ಸಮೇತ."

ಅನುಪಮಾ ಅಂಥ ಪತ್ರ ಬರೆದಿರಲಿಲ್ಲ.

ಸಿದ್ದರಾಜು ಸುಳ್ಳು ಹೇಳುವ ಪೈಕಿಯಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಶುಂಠಿ ಬೆಳೆಯುವವ. ಹೆಂಡತಿ ವನಜಮ್ಮ ಕೆರೆಯ ನೀರು ಕಂಡರೂ ನಾಲ್ಕು ಹೆಜ್ಜೆ ಹಿಂದೆ ಸರಿಯುವ ಹೆಂಗಸು. ಅವಳು ಬರುವುದಿಲ್ಲ ಎಂದದ್ದರಿಂದ ಇವನಿಗೆ ಮೊಣ್ಣಪ್ಪನವರ ಕೋಣೆಯಲ್ಲಿ ಜಾಗ ಸಿಕ್ಕಿತ್ತು.

ಹಡಗೆಂದರೆ ನಾಪೋಕ್ಲಿನ ಬಸ್ಸಲ್ಲ, ಸೀಟಿ ಹೊಡೆಸಿ ಬೇಕಾದಲ್ಲಿ ಇಳಿಯಲು. ನಡುವಿನ ಬಂದರಿನಲ್ಲಿ ಪ್ರಯಾಣ ಮುಗಿಸುವುದಾದರೆ ಮೂರು ದಿನ ಮುಂಚೆ ಟಿಕೆಟು ಮಾಡಿಸಿದ ಏಜೆಂಟರು ಬರೆದು ತಿಳಿಸಬೇಕು. ಯಾರು, ಯಾವ ಕೋಣೆ, ಯಾವ ಬಂದರು, ಏನು ಕಾರಣ — ಎಲ್ಲವೂ ಬೇಕು. ಅನುಪಮಾ ಹಡಗಿನ ಕಂಪನಿಯ ಕಚೇರಿಗೆ ಫೋನ್ ಮಾಡಿ ಪತ್ರದ ಪ್ರತಿ ಕೇಳಿದಳು. ಅರ್ಧ ಗಂಟೆಯಲ್ಲಿ ಬಂತು.

ಹೋದದ್ದು ಅವಳದ್ದೇ ಕಚೇರಿಯ ಇ-ಮೇಲ್‌ನಿಂದ. ಸೋಮವಾರ ಸಂಜೆ ನಾಲ್ಕು ಹತ್ತಕ್ಕೆ. ಮೊಣ್ಣಪ್ಪ, ಕೋಣೆ ನಂಬರು ೬೨೧೪, ಇಳಿಯುವುದು ಕೊಚ್ಚಿಯಲ್ಲಿ. ಕಾರಣ: ಕುಟುಂಬದಲ್ಲಿ ಶುಭಕಾರ್ಯ. ಕೆಳಗೆ ಅವಳ ಮೊಹರು, ಅವಳ ಸಹಿ. ಎರಡೂ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತಿದ್ದವು. ಪತ್ರದ ಇಂಗ್ಲಿಷು ಅವಳ ಇಂಗ್ಲಿಷಿಗಿಂತ ಒಂದು ಕೈ ಮೇಲೆಯೇ ಇತ್ತು.

ಐದು ವರ್ಷ ಬಸ್ಸಿನ ಟಿಕೆಟು, ತಿರುಪತಿಯ ವ್ಯಾನು ಎಂದು ದುಡಿದು ಕಟ್ಟಿದ ಕಚೇರಿ ಅದು. ಇದು ಮೊದಲ ಸಮುದ್ರಯಾನ. ಏಪ್ರಿಲ್‌ನಲ್ಲಿ ಹೊರಡುವ ಎರಡನೆಯ ಪ್ರಯಾಣಕ್ಕೆ ಆಗಲೇ ನಲವತ್ತು ಮಂದಿ ಹೆಸರು ಕೊಟ್ಟಿದ್ದರು. ಈಗ ಅವಳ ಸಹಿಯ ಮೇಲೆ ಹಿರಿಯರೊಬ್ಬರು ಪರ ಊರಿನಲ್ಲಿ ಇಳಿದು ಕಾಣೆಯಾಗಿದ್ದಾರೆ. ಅವರು ಸಿಗದಿದ್ದರೆ ಕಚೇರಿಯ ಬಾಗಿಲು ಮುಚ್ಚಬೇಕಾದದ್ದೇ.

ಮೊಣ್ಣಪ್ಪನವರ ಫೋನು — ಸ್ವಿಚ್ ಆಫ್.

ಸೋಮವಾರ ಅನುಪಮಾ ಮಡಿಕೇರಿಗೆ ಹೋಗಿದ್ದಳು. ಕಚೇರಿಯಲ್ಲಿದ್ದದ್ದು ಲೋಹಿತ್ ಒಬ್ಬನೇ. ಎರಡು ಮಕ್ಕಳ ತಂದೆ, ಶುರುವಿನಿಂದಲೂ ಟಿಕೆಟು ಬರೆಯುವವ. ಅವಳು ಅವನನ್ನು ಎದುರು ಕೂರಿಸಿಕೊಂಡಳು.

"ಸೋಮವಾರ ನಾಲ್ಕು ಗಂಟೆಗೆ ಎಲ್ಲಿದ್ರಿ ಲೋಹಿತ್?"

"ಇಲ್ಲೇ ಮೇಡಂ... ಅಲ್ಲ, ಸಿದ್ದಾಪುರದ ಬಸ್ಸಿಗೆ ಪಾರ್ಸೆಲ್ ಹಾಕ್ಲಿಕ್ಕೆ ಹೋಗಿದ್ದೆ. ಕಾಲು ಗಂಟೆ."

"ಕಂಪ್ಯೂಟರ್?"

"ಆನ್ ಇತ್ತು. ಯಾವಾಗ್ಲೂ ಇರುತ್ತಲ್ಲ."

"ಯಾರು ಬಂದಿದ್ರು?"

"ಹೊರಗಿನವರು ಯಾರೂ ಬರ್ಲಿಲ್ಲ." ಲೋಹಿತ್ ಬೆವರು ಒರೆಸಿಕೊಂಡ. "ನನ್ನ ಮೇಲೆ ಡೌಟಾ ಮೇಡಂ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಆದರೆ ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಾಗಿರುವುದಿಲ್ಲ. ಹೆದರುಪುಕ್ಕಲರೂ ಮುಟ್ಟಿಕೊಳ್ಳುತ್ತಾರೆ. ಅನುಪಮಾ ಸದ್ಯಕ್ಕೆ ಅವನನ್ನು ಬಿಟ್ಟು, ಮಾಡಲೇಬೇಕಾದ ಫೋನು ಮಾಡಿದಳು.

ಇಪ್ಪತ್ತು ನಿಮಿಷದಲ್ಲಿ ಮೊಣ್ಣಪ್ಪನವರ ಮಗ ಪುನೀತ್ ಜೀಪು ತಂದು ನಿಲ್ಲಿಸಿದ. ಜೊತೆಗೆ ಹೆಂಡತಿ ಐಶ್ವರ್ಯ. ಅಪ್ಪನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಈ ಪ್ರಯಾಣದ ಉಡುಗೊರೆ ಕೊಟ್ಟದ್ದೇ ಪುನೀತ್. ಕಾಫಿ ತೋಟ ನೋಡಿಕೊಳ್ಳುವವ, ಗಟ್ಟಿ ಆಳು. ಆದರೆ ಅಪ್ಪನ ವಿಷಯ ಬಂದರೆ ಕೈಕಾಲು ಬಿಟ್ಟುಬಿಡುತ್ತಾನೆ. ಐಶ್ವರ್ಯ ಅನುಪಮಾಳ ಕಾಲೇಜು ಗೆಳತಿ. ವಾರಕ್ಕೆರಡು ಸಲ ಕಚೇರಿಗೆ ಬಂದು ಹರಟೆ ಹೊಡೆದು, ಒಂದೆರಡು ಪತ್ರ ಬರೆದುಕೊಟ್ಟು ಹೋಗುವವಳು.

ಪುನೀತ್ ಪತ್ರ ಓದಿದ. ಶುಭಕಾರ್ಯವೇ? ಮನೆಯಲ್ಲಿ ಯಾವ ಶುಭಕಾರ್ಯವೂ ಇಲ್ಲ ಎಂದ. ಮೇಜು ಗುದ್ದಿದ. ಅಪ್ಪನಿಗೆ ಶುಗರ್ ಇರುವುದು ಗೊತ್ತಿದ್ದೂ ಎರಡು ದಿನ ಸುಮ್ಮನೆ ಕೂತದ್ದೇಕೆ ಎಂದು ಕೇಳಿದ. ಅನುಪಮಾ ಮತ್ತೆ ಸಿದ್ದರಾಜುವಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಹಡಗು ತೂತುಕುಡಿಯಲ್ಲಿ ನಿಂತಿದ್ದರಿಂದ ಸಿಗ್ನಲ್ ಇತ್ತು.

"ಇಳಿಯೋಕೆ ಮುಂಚೆ ಅಂಕಲ್ ಎಂತ ಹೇಳಿದ್ರು ಸಿದ್ದರಾಜಣ್ಣ?"

"ಏನಿಲ್ಲ ಮೇಡಂ, ಖುಷಿಯಾಗೇ ಇದ್ರು. ಸೋಮವಾರ ಹಡಗು ಹತ್ತಿದ್ ಮ್ಯಾಲೆ ಯಾವ್ದೋ ಫೋನ್ ಬಂತು. ಚೀಟೀಲಿ ಬರ್ಕಂಡ್ರು. 'ನೂರಿಪ್ಪತ್ತು ಸೆಂಟು ಆಯ್ತಂತೆ ಸಿದ್ದರಾಜು' ಅಂತ ನನ್ ಬೆನ್ನು ತಟ್ಟಿದ್ರು. ಜಾಗದ ವ್ಯವಹಾರ ಇರ್ಬೇಕು. ನಮ್ ಕಡೆ ಗುಂಟೆ ಅಂತೀವಿ, ನಿಮ್ ಕಡೆ ಸೆಂಟು ಅಲ್ವಾ?"

ಪುನೀತನ ಮುಖ ಕೆಂಪಗಾಯಿತು. ನೂರು ಸೆಂಟಿಗೆ ಒಂದು ಎಕರೆ. ಒಂದೂಕಾಲು ಎಕರೆಗೆ ಐದು ಸೆಂಟು ಕಡಿಮೆ. ಅಪ್ಪ ಯಾರಿಗೋ ಜಾಗ ಬರೆದುಕೊಡಲು ಹೋಗಿದ್ದಾರೆ, ಯಾರೋ ಅವರ ತಲೆ ತಿರುಗಿಸಿದ್ದಾರೆ, ಅದಕ್ಕೆ ಈ ಕಚೇರಿಯೂ ಸಾಥ್ ಕೊಟ್ಟಿದೆ ಎಂದು ಅವನು ಒಂದೇ ಉಸಿರಿಗೆ ತೀರ್ಮಾನಿಸಿದ. ಈಗಲೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಅನುಪಮಾಳ ಹೆಸರಿನಲ್ಲೇ ದೂರು ಕೊಡುತ್ತೇನೆ ಎಂದು ಎದ್ದ.

"ದುಡುಕ್ಬೇಡಿ," ಎಂದಳು ಐಶ್ವರ್ಯ, ಅವನ ತೋಳು ಹಿಡಿದು. "ಜಾಗದ ವಿಷಯ ಬೀದಿಗೆ ಬಂದ್ರೆ ನಮಗೇ ಮರ್ಯಾದೆ ಅಲ್ಲ. ನಾಳೆ ಮಧ್ಯಾಹ್ನದ ತನಕ ನೋಡುವ. ಆಮೇಲೆ ಬೇಕಾದ್ರೆ ಕಂಪ್ಲೇಂಟ್ ಕೊಡಿ."

ಪುನೀತ್ ಹಲ್ಲು ಕಚ್ಚಿಕೊಂಡು ಒಪ್ಪಿದ. ಕೊಚ್ಚಿಯಲ್ಲಿದ್ದ ಗೆಳೆಯ ನವೀನನಿಗೆ ಫೋನ್ ಮಾಡಿ ಅಲ್ಲಿಯ ಆಸ್ಪತ್ರೆ, ಲಾಡ್ಜುಗಳಲ್ಲಿ ವಿಚಾರಿಸಲು ಹೇಳಿ, ತರಿಸಿದ್ದ ಕಾಫಿ ಮುಟ್ಟದೆ ಹೊರಟ. ಐಶ್ವರ್ಯ ತನ್ನ ಲೋಟ ಪೂರ್ತಿ ಖಾಲಿ ಮಾಡಿ ಅವನ ಹಿಂದೆ ಹೋದಳು.

ಊರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮೂರು ಗಂಟೆಯ ಹೊತ್ತಿಗೆ ಏಪ್ರಿಲ್ ಪ್ರಯಾಣದ ಒಂದು ಜೋಡಿ ಫೋನ್ ಮಾಡಿ, ನಮ್ಮ ಹೆಸರು ತೆಗೆಯಿರಿ ಎಂದಿತು. ಅನುಪಮಾಳಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ತನ್ನ ಹೆಸರನ್ನು ತನ್ನ ಮೇಜಿನ ಮೇಲೆಯೇ ಕದ್ದವರನ್ನು ಹಿಡಿಯದೆ ಬಿಡುವುದಿಲ್ಲ ಎಂದು ನಿಶ್ಚಯಿಸಿದಳು.

ಹಡಗು ತೂತುಕುಡಿ ಬಿಡುವ ಮುಂಚೆ ಸಿದ್ದರಾಜುವಿನಿಂದ ಆ ಚೀಟಿಯ ಫೋಟೋ ತರಿಸಿಕೊಂಡಳು. ಪುಣ್ಯಕ್ಕೆ ಅದು ಕೋಣೆಯ ಮೇಜಿನ ಮೇಲೆಯೇ ಉಳಿದಿತ್ತು. ಮೊಣ್ಣಪ್ಪನವರ ದೊಡ್ಡ ಅಕ್ಷರದಲ್ಲಿ ಎರಡೇ ಸಾಲು.

ಭಾನುವಾರ — ೧೨೦ ಸೆಂಟು.
೮ — ಭಾನುವಾರ.

ಭಾನುವಾರವೇ? ಜಾಗ ಬರೆದುಕೊಡುವುದಾದರೆ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ಭಾನುವಾರ ಅದಕ್ಕೆ ಬೀಗ. ಹಾಗಾದರೆ ಇದು ಜಾಗವಲ್ಲ. ಜಾಗವಲ್ಲದಿದ್ದರೆ ಇನ್ನೇನು? ಎಂಟು ಎಂದರೆ ಎಂಟು ಜನರೇ, ಎಂಟು ಗಂಟೆಯೇ? ಎಷ್ಟು ತಿರುಗಿಸಿ ನೋಡಿದರೂ ಗಂಟು ಬಿಚ್ಚಲಿಲ್ಲ.

ಬಿಚ್ಚಿದವಳು ಮುತ್ತಿ.

ಮುತ್ತಿ ತೋಟದ ಕೆಲಸದವರ ಲೈನು ಮನೆಯಲ್ಲಿರುವ ಹೆಂಗಸು. ಬೆಳಿಗ್ಗೆ ಕಚೇರಿಗೂ ನಾಲ್ಕು ಮನೆಗೂ ಹಾಲು ಕೊಟ್ಟು ಆಮೇಲೆ ಕೆಲಸಕ್ಕೆ ಹೋಗುತ್ತಾಳೆ. ಭಾನುವಾರ ಏಳು ಗಂಟೆಗೆ ಬಂದವಳು ಪಾತ್ರೆ ಕೆಳಗಿಟ್ಟು ಗೊಣಗಿದಳು. ರಜೆಯ ದಿನವೂ ಪೈಪು ಎಳೆಯಲು ಕರೆದಿದ್ದಾರಂತೆ. ಕಾಫಿ ಗಿಡಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರಿನಲ್ಲಿ ನೆನೆದೂ ನೆನೆದೂ ಸೊಂಟ ಹಿಡಿದಿದೆಯಂತೆ.

"ನನ್ನ ತಂಗಿ ಪುಣ್ಯ ಮಾಡಿದಾಳೆ ಅಕ್ಕ. ಕುಟ್ಟದಲ್ಲಿ ಹೋದ ವಾರವೇ ಹೂ ಮಳೆ ಆಯ್ತು, ಕಾಫಿ ತಾನಾಗೇ ಹೂ ಬಿಡ್ತದೆ. ನಮಗೆ ನೋಡಿ, ಒಂದು ಸೆಂಟೂ ಇಲ್ಲ."

ಹಾಲಿನ ಪಾತ್ರೆ ಹಿಡಿದ ಅನುಪಮಾಳ ಕೈ ಹಾಗೆಯೇ ನಿಂತಿತು.

"ಎಂತ ಹೇಳಿದೆ? ಒಂದು ಸೆಂಟು?"

"ಮಳೆ ಅಕ್ಕ. ಮಳೆ."

ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕು ಎನಿಸಿತು ಅವಳಿಗೆ. ಕೊಡಗಿನಲ್ಲಿ ಹುಟ್ಟಿದವಳು. ಅಪ್ಪ ನಾಪೋಕ್ಲಿನ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇಟ್ಟುಕೊಂಡು, ಇವತ್ತು ಐವತ್ತು ಸೆಂಟು, ಇವತ್ತು ಎರಡಿಂಚು ಎಂದು ಬರೆದಿಡುವುದನ್ನು ನೋಡುತ್ತಲೇ ಬೆಳೆದವಳು. ಇಲ್ಲಿ ನೂರು ಸೆಂಟಿಗೆ ಒಂದು ಎಕರೆ ಜಾಗ ಹೇಗೋ, ನೂರು ಸೆಂಟಿಗೆ ಒಂದು ಇಂಚು ಮಳೆ ಹಾಗೆ. ಆದರೆ ಸಿದ್ದರಾಜು 'ಜಾಗ' ಎಂದುಬಿಟ್ಟಿದ್ದ. ಒಮ್ಮೆ ಜಾಗ ತಲೆಗೆ ಹೊಕ್ಕಮೇಲೆ ಮಳೆಗೆ ಎಡೆಯೆಲ್ಲಿ?

ಅಪ್ಪನಿಗೆ ಫೋನ್ ಮಾಡಿದಳು. ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಊರಿನ ಮಳೆಯ ಲೆಕ್ಕವೂ ಅವರಿಗೆ ಬರುತ್ತದೆ. ಹೋದ ಭಾನುವಾರ ನಾಪೋಕ್ಲಿಗೆ ಸೊನ್ನೆ. ಅಮ್ಮತ್ತಿಗೆ ಸೊನ್ನೆ. ಕುಟ್ಟಕ್ಕೆ?

"ಒಂದು ಇಂಚು ಇಪ್ಪತ್ತು. ಬೆಳ್ಳಮ್ಮ ಟೀಚರ್ ಹಾಕಿದ್ದು," ಎಂದರು ಅಪ್ಪ.

ಅವಳು ಎರಡು ಫೋನು ಮಾಡಿದಳು. ಮೊದಲನೆಯದು ಲೋಹಿತನಿಗೆ, ಒಂದೇ ಪ್ರಶ್ನೆ ಕೇಳಲು. ಎರಡನೆಯದು ಪುನೀತನಿಗೆ. ಅಂಕಲ್ ಎಲ್ಲಿದ್ದಾರೆಂದು ಗೊತ್ತಾಯಿತು, ಜೀಪು ತನ್ನಿ, ಐಶ್ವರ್ಯಳನ್ನೂ ಕರೆತನ್ನಿ ಎಂದಳು.

ಜೀಪು ಗೋಣಿಕೊಪ್ಪ ದಾಟುವ ತನಕ ಅವಳು ಬಾಯಿ ಬಿಡಲಿಲ್ಲ. ಪುನೀತ್ ತಾಳ್ಮೆಗೆಟ್ಟ.

"ಈಗಲಾದ್ರೂ ಹೇಳು. ಎಲ್ಲಿಗೆ?"

"ಕುಟ್ಟಕ್ಕೆ."

"ಕುಟ್ಟದಲ್ಲಿ ನಮ್ಮವರು ಯಾರೂ ಇಲ್ಲ."

"ಪುನೀತಣ್ಣ, ನಿಮ್ಮ ತೋಟದಲ್ಲಿ ಇವತ್ತು ಸ್ಪ್ರಿಂಕ್ಲರ್ ಓಡ್ತಾ ಉಂಟಲ್ಲ, ಎಂತಕ್ಕೆ?"

"ಇನ್ನೆಂತಕ್ಕೆ? ಮಳೆ ಬರ್ಲಿಲ್ಲ, ಅದಕ್ಕೆ."

"ಎಷ್ಟು ಸೆಂಟು ಬಂದಿದ್ರೆ ಸಾಕಿತ್ತು?"

"ನೂರು..." ಎಂದ ಪುನೀತ್. ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಜೀಪು ರಸ್ತೆಯ ಬದಿಗೆ ಬಂದು ನಿಂತಿತು.

"ಹೋದ ಭಾನುವಾರ ಕುಟ್ಟಕ್ಕೆ ನೂರಿಪ್ಪತ್ತು ಸೆಂಟು ಮಳೆ. ನಮ್ಮಲ್ಲಿ ಹನಿ ಬೀಳಲಿಲ್ಲ, ಹಾಗಾಗಿ ನಮಗೆ ಯಾರಿಗೂ ಹೊಳೀಲಿಲ್ಲ. ಮಳೆ ಬಿದ್ದು ಎಷ್ಟನೇ ದಿನಕ್ಕೆ ರೋಬಸ್ಟಾ ಕಾಫಿ ಹೂ ಆಗ್ತದೆ?"

"ಏಳೋ... ಎಂಟೋ."

"ಎಂಟು. ಹೋದ ಭಾನುವಾರದಿಂದ ಎಣಿಸಿದ್ರೆ ಇವತ್ತು ಭಾನುವಾರ. ಹೂ ನಿಲ್ಲುವುದು ಎರಡು ದಿನ, ಹೆಚ್ಚೆಂದ್ರೆ ಮೂರು. ಹಡಗು ಚೆನ್ನೈ ಮುಟ್ಟೋದು ಮಂಗಳವಾರ. ಅಲ್ಲಿಂದ ಬರುವಾಗ ಬುಧವಾರ. ಅಷ್ಟರಲ್ಲಿ ಹೂ ಕಪ್ಪಾಗಿರ್ತದೆ. ಹಾಗಾಗಿ ಅಂಕಲ್‌ಗೆ ಕೊನೇ ಬಂದರಿನ ತನಕ ಕೂರ್ಲಿಕ್ಕೆ ಆಗಲ್ಲ. ಸೋಮವಾರ ಪತ್ರ ಹೋದ್ರೆ ಮೂರು ದಿನದ ಮೇಲೆ ಸಿಗುವ ಮೊದಲ ಬಂದರು ಕೊಚ್ಚಿ. ಅಲ್ಲಿಂದ ಮಾನಂದವಾಡಿ ದಾರಿ ಹಿಡಿದ್ರೆ ಮೊದಲು ಸಿಗುವ ಕೊಡಗಿನ ಊರು ಕುಟ್ಟ."

ಪುನೀತ್ ಕೇಳಬೇಕಾದದ್ದನ್ನೇ ಕೇಳಿದ.

"ಪತ್ರ ಬರೆದದ್ದು ಯಾರು?"

"ಈ ಜೀಪಿನಲ್ಲೇ ಇದ್ದಾರೆ," ಎಂದಳು ಅನುಪಮಾ.

ಪುನೀತ್ ಜೀಪಿನ ಎಂಜಿನ್ ಆಫ್ ಮಾಡಿದ.

"ಪತ್ರದಲ್ಲಿ ಕೋಣೆ ನಂಬರ್ ಇತ್ತು. ನಾವೆಲ್ಲ ಓದಿದ್ವಿ, ಯಾರೂ ಯೋಚನೆ ಮಾಡ್ಲಿಲ್ಲ. ಕೋಣೆ ಹಂಚಿದ್ದು ಸೋಮವಾರ ಎರಡು ಗಂಟೆಗೆ, ಹಡಗು ಹತ್ತುವಾಗ. ನನಗೇ ಆ ನಂಬರ್ ಗೊತ್ತಿರಲಿಲ್ಲ, ಲೋಹಿತ್‌ಗೆ ಎಲ್ಲಿಂದ ಗೊತ್ತಾಗ್ಬೇಕು? ಎರಡರಿಂದ ನಾಲ್ಕು ಹತ್ತರ ಒಳಗೆ ಅಂಕಲ್ ಹತ್ರ ಫೋನಲ್ಲಿ ಮಾತಾಡಿದವರಿಗೆ ಮಾತ್ರ ಗೊತ್ತು. ಹೊರಗಿನವರು ಯಾರೂ ಬರ್ಲಿಲ್ಲ ಅಂದ ಲೋಹಿತ್. ಇವತ್ತು ಬೆಳಿಗ್ಗೆ ಕೇಳಿದೆ, ಒಳಗಿನವರು? 'ಐಶ್ವರ್ಯಕ್ಕ ಬಂದಿದ್ರು, ಅವರು ಹೊರಗಿನವರಾ ಮೇಡಂ?' ಅಂದ." ಅವಳು ಹಿಂದಿನ ಸೀಟಿಗೆ ತಿರುಗಿದಳು. "ನಿನ್ನೆ, ಇವತ್ತು ಮಧ್ಯಾಹ್ನದ ತನಕ ಅಂತ ಸಮಯ ಕೇಳಿದ್ದು ನೀನು. ಮಾವ ಕಾಣೆಯಾದ ಮನೆಯ ಸೊಸೆಯಾಗಿ ಕಾಫಿ ತಳ ಕಾಣುವ ಹಾಗೆ ಕುಡಿದದ್ದೂ ನೀನೇ. ನನ್ನ ಹೆಸರು ಯಾಕೆ ಹಾಕಿದೆ ಐಶು? ನನ್ನನ್ನೇ ಕೇಳಬಹುದಿತ್ತಲ್ಲ?"

ಅನುಪಮಾಳಿಗೆ ಕಳ್ಳ ಸಿಕ್ಕಿದ ಸಂತೋಷಕ್ಕಿಂತ ಗೆಳತಿ ಮಾಡಿದಳಲ್ಲ ಎಂಬ ನೋವೇ ಜಾಸ್ತಿ ಇತ್ತು.

"ಕೇಳಿದ್ರೆ ನೀನು ಮೊದಲು ಇವರಿಗೆ ಫೋನ್ ಮಾಡ್ತಿರಲಿಲ್ವಾ?" ಎಂದಳು ಐಶ್ವರ್ಯ. "ಇವರು ಬೇಡ ಅಂತಿ­ದ್ರು. ಅಲ್ಲಿಗೆ ಮುಗೀತಿತ್ತು. ಮಾವ ದಿನಾ ಬೆಳಿಗ್ಗೆ ಸಂಜೆ ಲಾಡ್ಜಿನ ಫೋನಿಂದ ನನಗೆ ಮಾಡ್ತಾರೆ, ಮಾತ್ರೆ ತಗೊಳ್ತಾ ಇದ್ದಾರೆ. ವಿಷಯ ನಿನ್ನ ಕುತ್ತಿಗೆಗೆ ಬರ್ತದೆ ಅಂತ ಗೊತ್ತಿರಲಿಲ್ಲ ಅನು. ನಿನ್ನೆಯೇ ಬಾಯಿ ಬಿಡಬೇಕಿತ್ತು. ಒಂದು ದಿನ, ಒಂದೇ ದಿನ ಅಂತ ನೋಡಿದೆ. ತಪ್ಪಾಯ್ತು."

ಕೇಳಿದ್ದರೆ ತಾನು ಪುನೀತನಿಗೆ ಫೋನ್ ಮಾಡುತ್ತಿದ್ದದ್ದು ನಿಜವೆಂದು ಅನುಪಮಾ ಒಪ್ಪಲೇಬೇಕಾಯಿತು. ಸಿಟ್ಟು ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

"ನಾನು ಎಂತಕ್ಕೆ ಬೇಡ ಅಂತಿದ್ದೆ?" ಪುನೀತನಿಗೆ ಇನ್ನೂ ಅರ್ಥವಾಗಿರಲಿಲ್ಲ. "ಹೂ ನೋಡ್ಲಿಕ್ಕೆ ಬೇಡ ಅಂತೇನಾ?"

"ನಡೀರಿ," ಎಂದಳು ಐಶ್ವರ್ಯ. "ಮಾವನೇ ಹೇಳ್ಲಿ."

ಶ್ರೀಮಂಗಲ ದಾಟುತ್ತಲೇ ಪರಿಮಳ ಬಂತು. ಕುಟ್ಟದ ಹತ್ತಿರ ರಸ್ತೆಯ ಎರಡು ಬದಿಯೂ ಬೆಳ್ಳಗಾಗಿತ್ತು. ಗಿಡದ ಎಲೆ ಕಾಣದಷ್ಟು ಹೂ, ಕಿವಿ ತುಂಬ ಜೇನಿನ ಸದ್ದು. ಪುನೀತ್ ಎಷ್ಟೇ ಸಿಟ್ಟಿನಲ್ಲಿದ್ದರೂ ಬೆಳೆಗಾರನಲ್ಲವೇ? ಜೀಪಿನ ವೇಗ ಇಳಿಸಿ, ಬೆಳೆ ಒಳ್ಳೆಯದುಂಟು ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಮಳೆಯ ಲೆಕ್ಕ ಹಾಕಿದ್ದ ಬೆಳ್ಳಮ್ಮ ಟೀಚರ ತೋಟಕ್ಕೆ ಐಶ್ವರ್ಯ ದಾರಿ ಹೇಳಿದಳು. ಬರೀ ಮೂರು ಎಕರೆ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅರವತ್ತೈದರ ಹೆಂಗಸು ಒಬ್ಬಳೇ ನಿಂತು ಬೆಳೆ ತೆಗೆಯುತ್ತಾಳೆ. ಗೇಟಿನಲ್ಲಿದ್ದ ಕೆಲಸದ ಚೋಮ, ಅಮ್ಮತ್ತಿಯ ಅಯ್ಯ ಮೂರು ದಿನದಿಂದ ತನ್ನ ಅಣ್ಣನ ಲಾಡ್ಜಿನಲ್ಲಿ ಇದ್ದಾರೆಂದೂ, ಈಗ ಟೀಚರ ಜೊತೆ ತೋಟದಲ್ಲಿದ್ದಾರೆಂದೂ ಹೇಳಿ ದಾರಿ ತೋರಿಸಿದ.

ಮೊಣ್ಣಪ್ಪ ಹೂವಿನ ಸಾಲುಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮಗನನ್ನು ಕಂಡು ಎದ್ದು ನಿಂತರು. ಪುನೀತ್ ಬೈಯಲೆಂದು ಬಂದವನು. ಅಪ್ಪನನ್ನು ನೋಡಿದ ಮೇಲೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡ.

"ನಿನಗೆ ಹೇಳ್ಲಿಕ್ಕೆ ಹೆದರಿದೆ ಮಗ," ಎಂದರು ಮೊಣ್ಣಪ್ಪ. "ಈ ವಯಸ್ಸಲ್ಲಿ ಮದುವೆ ಅಂದ್ರೆ ನೀನು ಎಂತ ಹೇಳ್ತೀಯೋ ಅಂತ."

ಉಳಿದದ್ದನ್ನು ಅವರು ನಿಧಾನವಾಗಿ ಹೇಳಿದರು. ಬೆಳೆಗಾರರ ಸಭೆಯೊಂದರಲ್ಲಿ ಪರಿಚಯ. ಎರಡು ವರ್ಷದ ಮಾತುಕತೆ. ಹೋದ ತಿಂಗಳು ಇವರು ಕೇಳಿಯೇಬಿಟ್ಟರು. ಟೀಚರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಮ್ಮ ತೋಟದಲ್ಲಿ ಹೂವಾದ ದಿನ ಬನ್ನಿ, ಆವತ್ತು ಹೇಳುತ್ತೇನೆ ಎಂದರು. ಮಾರ್ಚ್ ಕೊನೆಗೆ ಬರುವ ಮಳೆ ಈ ವರ್ಷ ಮೊದಲ ವಾರವೇ ಬಂತು, ಇವರು ಹಡಗು ಹತ್ತಲು ಮುಂಬೈಗೆ ಹೊರಟ ಮೇಲೆ.

"ಹೂವಿನ ದಿನ ಬಿಟ್ಟು ಬೇರೆ ದಿನ ಇರ್ಲಿಲ್ವಾ ಟೀಚರ್?" ಪುನೀತ್ ಕೇಳಿದ.

"ಬೇರೆ ದಿನ ಯಾರು ಬೇಕಾದ್ರೂ ಬರ್ತಾರಪ್ಪ," ಎಂದರು ಬೆಳ್ಳಮ್ಮ. "ಇದ್ದದ್ದನ್ನು ಬಿಟ್ಟು ಬರ್ತಾರಾ ಅಂತ ನೋಡ್ಬೇಕಿತ್ತು."

"ಬಂದ್ರಲ್ಲ. ಉತ್ತರ ಎಂತ ಕೊಟ್ರಿ?"

"ಇನ್ನೂ ಹೇಳ್ಲಿಲ್ಲ," ಎಂದರು ಮೊಣ್ಣಪ್ಪ, ಸಣ್ಣ ದನಿಯಲ್ಲಿ.

ಬೆಳ್ಳಮ್ಮ ಅವರ ಕಡೆ ನೋಡಲಿಲ್ಲ. ಪುನೀತನ ಕಡೆಯೂ ನೋಡಲಿಲ್ಲ. ಇಷ್ಟು ಹೊತ್ತು ಹಿಂದೆ ನಿಂತಿದ್ದ ಅನುಪಮಾಳ ಬಳಿಗೆ ಬಂದರು.

"ಹಡಗಿನ ಟಿಕೆಟು ಮಾಡಿಸುವವಳು ನೀನೇ ಅಲ್ವಾ? ಏಪ್ರಿಲ್‌ದಕ್ಕೆ ಜಾಗ ಉಂಟಾ?"

"ಎರಡು ಉಂಟು ಟೀಚರ್. ನಿನ್ನೆಯಷ್ಟೇ ಖಾಲಿ ಆಯ್ತು."

"ಕೋಣೆಗೆ ಕಿಟಕಿ ಇರ್ತದಾ?"

"ಇರುವ ಕೋಣೆಯೇ ಕೊಡಿಸ್ತೇನೆ. ಎಷ್ಟು ಕೋಣೆ ಬೇಕು?"

"ಒಂದು ಸಾಕು," ಎಂದರು ಬೆಳ್ಳಮ್ಮ. "ಇವರ ಹೆಸರೂ ನನ್ನ ಹೆಸರೂ ಬರ್ಕೊ."

ಮೊಣ್ಣಪ್ಪ ಕುರ್ಚಿಯಲ್ಲಿ ಮತ್ತೆ ಕೂತರು. ಕೂತವರು ಕಣ್ಣು ಒರೆಸಿಕೊಂಡರು. ಐಶ್ವರ್ಯ ಅನುಪಮಾಳ ಕೈ ಹುಡುಕಿ ಹಿಡಿದಳು; ಅನುಪಮಾ ಬಿಡಿಸಿಕೊಳ್ಳಲಿಲ್ಲ.

ಪುನೀತ್ ಒಂದು ಗೆಲ್ಲು ಬಗ್ಗಿಸಿ ಹೂ ನೋಡಿದ. ಆಮೇಲೆ ಅನುಪಮಾಳ ಕಡೆ ತಿರುಗಿದ.

"ಹೆಸರು ತೆಗೆಸಿದವರಿಗೆ ನಾನೇ ಫೋನ್ ಮಾಡಿ ಹೇಳ್ತೇನೆ, ತಪ್ಪು ನಮ್ಮ ಮನೆಯದ್ದು ಅಂತ. ಮತ್ತೆ ಇನ್ನೊಂದು ಮಾತು ಅನು. ಇನ್ನು ಯಾರು ಲೆಟರ್ ಬರೆದ್ರೂ ಇವರಿಬ್ಬರನ್ನು ನಡುವಿನಲ್ಲಿ ಇಳಿಸ್ಬೇಡ."

ಅನುಪಮಾ ಚೀಲದಿಂದ ಪುಸ್ತಕ ತೆಗೆದು ಎರಡು ಹೆಸರನ್ನೂ ಬರೆದುಕೊಂಡಳು.